ಯಾಸ್ನಾ ಅಪ್ಪನನ್ನು ಅಳಿಸಿದ್ದು

ಎಲಿಸೆಯೊನ ಮಗಳು ಯಾಸ್ನಾ ಕೊನ್ಸೆಪ್ಸಿಯೊನ್ ಪಟ್ಟಣದ ಯೂನಿವರ್ಸಿಟಿ ಸೇರಿದಾಗ ಅವಳು ಓದುವುದು ಏನೆಂದು ನಮ್ಮ ದಡದಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನರ್ಸ್ ಅಂದರೆ ತಿಳಿಯುತ್ತದೆ, ಟೀಚರ್ ಅಂದರೆ ತಿಳಿಯುತ್ತದೆ. ಇವಳದು ವಿಡಿಯೊದಲ್ಲಿ ಇಲ್ಲದ್ದನ್ನು ಇಡುವ, ಇರುವುದನ್ನು ತೆಗೆಯುವ ವಿದ್ಯೆ. ಅಕ್ಷರಗಳನ್ನು ಕುಣಿಸುವುದು, ಬೆಂಕಿ ಇಲ್ಲದ ಕಡೆ ಬೆಂಕಿ ಹಚ್ಚುವುದು, ಕಂಬ ಇರುವ ಕಡೆ ಕಂಬ ಮಾಯ ಮಾಡುವುದು.

"ಅಳಿಸೋದು ಕಲಿಯೋಕೆ ಐದು ವರ್ಷ ಬೇಕಾ? ನನ್ನ ಮೊಮ್ಮಗ ಒಂದನೇ ಕ್ಲಾಸಿಗೆ ರಬ್ಬರ್ ತಗೊಂಡ್ ಹೋದ, ಸಂಜೆಗೇ ಕಲ್ತು ಬಂದ" ಎಂದು ಮೀನು ಮಾರುವ ಹಿಲ್ಡಾ ರೇಗಿಸಿದಳು.

ಎಲಿಸೆಯೊ ಬಲೆಯಿಂದ ತಲೆ ಎತ್ತಲಿಲ್ಲ. "ನಾಲಿಗೆ ಅಳಿಸೋ ಪಾಠ ಬರ್ಲಿ ಇರು ಹಿಲ್ಡಾ, ಮೊದ್ಲು ನಿನ್ನನ್ನೇ ಕರೀತೀವಿ" ಎಂದ.

ನಾನು ನಿಬಾಲ್ಡೊ. ತಾಲ್ಕಾವಾನೊ ಬಂದರಿನ ಪಕ್ಕದ ಈ ದಡದಲ್ಲಿ ನಾನೂ ಎಲಿಸೆಯೊನೂ ಮೀಸೆ ಮೂಡಿದಂದಿನಿಂದ ಒಂದೇ ಚಪ್ಪರದ ಕೆಳಗೆ ಹರಿದ ಬಲೆ ಹೆಣೆದವರು. ಚರ್ಚಿನಲ್ಲಿ ಯಾಸ್ನಾಳ ತಲೆಗೆ ನೀರು ಹಾಕಿದ ದಿನ ಅವಳನ್ನು ಎತ್ತಿ ಹಿಡಿದವನು ನಾನು. ಅಂದಿನಿಂದ ಅವಳಿಗೆ ನಾನು ಪದ್ರಿನೊ, ಅಂದರೆ ದೇವರ ಮುಂದೆ ಎರಡನೇ ಅಪ್ಪ; ಅವಳ ಅಪ್ಪನಿಗೆ ಕಂಪಾದ್ರೆ, ಒಡಹುಟ್ಟಿದವನಂತೆ. ನಮ್ಮಲ್ಲಿ ಈ ನಂಟು ರಕ್ತದ ನಂಟಿಗಿಂತ ಒಂದು ತೂಕ ಹೆಚ್ಚು. ನನಗೆ ಮಕ್ಕಳಿಲ್ಲ, ಹೆಂಡತಿ ಬೇಗ ಹೋದಳು. ಹಾಗಾಗಿ ಆ ಹುಡುಗಿಯ ಮೇಲೆ ನನ್ನ ಪ್ರೀತಿ ಸ್ವಲ್ಪ ಅತಿಯೇ ಅನ್ನಿ.

ಚಿಕ್ಕಂದಿನಲ್ಲಿ ಅವಳು ಶಾಲೆ ಬಿಟ್ಟು ಬಂದವಳೇ ಚಪ್ಪರದಲ್ಲಿ ಕೂತು ಗಂಟುಬಿದ್ದ ದಾರ ಬಿಡಿಸುತ್ತಿದ್ದಳು. ನಾವಾದರೆ ಬೈದುಕೊಂಡು ಚೂರಿ ತೆಗೆಯುತ್ತಿದ್ದೆವು. ಅವಳು ಬಾಯಿ ಬಿಡದೆ, ಮುಖ ಸಿಂಡರಿಸದೆ, ಉಗುರಿನ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸುವಳು. ಆ ತಾಳ್ಮೆಯೇ ಅವಳನ್ನು ಆ ಓದಿಗೆ ಎಳೆಯಿತು ಅಂತ ನನ್ನ ಲೆಕ್ಕ. ಒಂದು ಸೆಕೆಂಡಿನ ವಿಡಿಯೊಗೆ ಇಪ್ಪತ್ತನಾಲ್ಕು ಚಿತ್ರವಂತೆ. ಅದರಲ್ಲಿ ಒಬ್ಬ ಮನುಷ್ಯನನ್ನು ಬಿಡಿಸಿ ತೆಗೆಯಬೇಕಾದರೆ ಪ್ರತಿ ಚಿತ್ರದಲ್ಲೂ ಅವನ ಸುತ್ತ ಗೆರೆ ಎಳೆಯಬೇಕು, ಕೂದಲೂ ಬೆರಳೂ ಬಿಡದೆ. ಆಮೇಲೆ ಅವನು ನಿಂತಿದ್ದ ಜಾಗಕ್ಕೆ ಅಕ್ಕಪಕ್ಕದ ಮರಳು, ನೀರು, ಆಕಾಶ ತಂದು ತೇಪೆ ಹಾಕಬೇಕು. ಅವಳ ಪ್ರೊಫೆಸರ್ ಇತುರ್ರಾ ಎಂಬಾಕೆ ಮೊದಲ ದಿನವೇ ಹೇಳಿದ್ದರಂತೆ, ನೋಡುವವರ ಕಣ್ಣಿಗೆ ನಿಮ್ಮ ಕೆಲಸ ಕಂಡರೆ ನೀವು ಫೇಲು ಅಂತ.

ಮೂರನೇ ವರ್ಷ ಅವಳಿಗೆ ಒಂದು ಪರೀಕ್ಷೆಯ ಕೆಲಸ ಬಂತು. ನಮ್ಮ ದಡದಲ್ಲಿ ಬೆಳಗಿನ ಮಂಜು, ಕಟ್ಟಿದ ದೋಣಿಗಳು, ಅವುಗಳ ಹಿಂದೆ ಬೆಟ್ಟದಂಥ ತಿಮಿಂಗಿಲದ ಬೆನ್ನು ಎದ್ದು ಮುಳುಗಬೇಕು. ತಿಮಿಂಗಿಲವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾಳೆ, ದಡ ಮಾತ್ರ ನಿಜದ್ದು. ಅದು ಖಾಲಿ ಇರಬೇಕು ಎಂದು ಹಿಂದಿನ ದಿನವೇ ಎಲ್ಲರಿಗೂ ಕೈಮುಗಿದು ಹೇಳಿದ್ದಳು. ಹಿಲ್ಡಾ ಕೂಡ ಮನೆಯಲ್ಲೇ ಉಳಿದಳು. ಯೂನಿವರ್ಸಿಟಿಯ ಕ್ಯಾಮೆರಾ ಅಂದೇ ವಾಪಸ್ ಹೋಗಬೇಕು, ಅಂಥ ಮಂಜು ಸ್ವಲ್ಪ ಹೊತ್ತು ಮಾತ್ರ ನಿಲ್ಲುವುದು. ಅವಳು ಕ್ಯಾಮೆರಾ ಓಡಿಸಿದ್ದೇ ತಡ, ಎಡಗಡೆಯಿಂದ ಎಲಿಸೆಯೊ ಪ್ರತ್ಯಕ್ಷ. ಒಂದು ಕೈಯಲ್ಲಿ ಟೀ ಫ್ಲಾಸ್ಕು, ಇನ್ನೊಂದರಲ್ಲಿ ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡು. ಬಲಭುಜ ಆಡಿಸಿಕೊಂಡು, ಮರಳು ಒದೆಯುತ್ತ, ಆ ತುದಿಯಿಂದ ಈ ತುದಿಗೆ ಬಂದ.

"ಖಾಲಿ ಹೊಟ್ಟೇಲಿ ಚಳೀಲಿ ನಿಂತಿದೀಯಲ್ಲೇ, ಒಂದು ತುತ್ತು ತಿಂದು ಶುರು ಮಾಡು."

"ಅಪ್ಪಾ, ಓಡ್ತಿದೆ."

"ಏನು ಓಡ್ತಿದೆ?"

ಕ್ಯಾಮೆರಾ ಆಗಲೇ ಓಡುತ್ತಿದೆ ಎಂದು ಗೊತ್ತಿದ್ದರೆ ಅವನು ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಫೋಟೊ ಎಂದರೆ ಅವನಿಗೆ ಅಷ್ಟು ಅಲರ್ಜಿ. ಯಾರಾದರೂ ಫೋನ್ ಎತ್ತಿದರೆ ಟೋಪಿ ಮುಖಕ್ಕೆ ಬರುತ್ತಿತ್ತು, ಇಲ್ಲವೇ ಆಸಾಮಿ ಜಾಗದಲ್ಲೇ ಇರುತ್ತಿರಲಿಲ್ಲ. ಮದುವೆಯದೊಂದು, ಗುರುತಿನ ಚೀಟಿಯದೊಂದು, ಯಾಸ್ನಾ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಪಡೆದ ದಿನದ್ದೊಂದು, ಅವನ ಫೋಟೊ ಇದ್ದದ್ದು ಅಷ್ಟೇ.

ಮಂಜು ಕರಗಿತು, ಎರಡನೇ ಸಲ ತೆಗೆಯಲಾಗಲಿಲ್ಲ. ಯಾಸ್ನಾ ಕೂಗಾಡಲಿಲ್ಲ. ಬ್ರೆಡ್ಡು ತಿಂದಳು, ಕೂತು ಅಪ್ಪನನ್ನು ಅಳಿಸಲು ಶುರುಮಾಡಿದಳು. ವಾರಗಟ್ಟಲೆ ಅಡುಗೆಮನೆಯ ಮೇಜಿನ ಮೇಲೆ ಅದೇ ಕೆಲಸ. ನಾನು ಸಂಜೆಯ ಟೀಗೆ ಹೋದಾಗ ಪರದೆಯ ಮೇಲೆ ಅರ್ಧ ಎಲಿಸೆಯೊ ಇರುತ್ತಿದ್ದ. ಒಂದು ದಿನ ಕಾಲಿಲ್ಲ, ಒಂದು ದಿನ ತಲೆ ಇಲ್ಲ.

"ಸರಿಯಾಗಿ ಅಳಿಸು ಮಗಳೇ, ಹೊಟ್ಟೆ ಒಂಚೂರೂ ಉಳೀಬಾರದು. ನಿಮ್ಮಮ್ಮ ವರ್ಷಗಟ್ಲೆ ಸೊಪ್ಪು ತಿನ್ನಿಸಿದ್ರೂ ಕರಗದೇ ಇರೋದನ್ನ ನೀನಾದ್ರೂ ಕರಗ್ಸು" ಎಂದು ಅವನೇ ಹಿಂದೆ ನಿಂತು ಹುರಿದುಂಬಿಸುವನು. ಅವಳಮ್ಮ ಮಿರ್ತಾ ಸೌಟಿನಲ್ಲಿ ಅವನ ಬೆನ್ನಿಗೆ ಕುಟ್ಟುವಳು.

ಪ್ರೊಫೆಸರ್ ಇತುರ್ರಾ ಪೂರ್ತಿ ಅಂಕ ಕೊಟ್ಟರು. ಅಲ್ಲಿ ಒಬ್ಬ ಮನುಷ್ಯ ನಡೆದಿದ್ದ ಎಂದು ಹೇಳಿದರೂ ಅವರು ನಂಬಲಿಲ್ಲವಂತೆ. ನಾವೆಲ್ಲ ಮೀನಿಗೆ ಐಸ್ ಹಾಕಿಡುವ ಮನೆಯ ಬಿಳಿ ಗೋಡೆಯ ಮೇಲೆ ಅದನ್ನು ನೋಡಿದೆವು. ತಿಮಿಂಗಿಲ ಎದ್ದಾಗ ಹೆಂಗಸರು ಅಬ್ಬಾ ಎಂದರು. ಎಲಿಸೆಯೊ ಎದೆಯುಬ್ಬಿಸಿಕೊಂಡು, "ಇದ್ರಲ್ಲಿ ನಾನಿದೀನಿ, ಕಾಣಲ್ಲ. ಕಾಣದೇ ಇರೋದೇ ಹೆಚ್ಚುಗಾರಿಕೆ" ಎಂದು ಸಿಕ್ಕವರಿಗೆಲ್ಲ ಹೇಳಿದ. ಅಂದು ನಾವು ಎಷ್ಟು ನಕ್ಕೆವು ಎಂದು ನೆನೆದರೆ ಈಗ ನನಗೆ ಸಿಟ್ಟು ಬರುತ್ತದೆ.

ಮರುವರ್ಷ ಜುಲೈನಲ್ಲಿ, ನಮ್ಮ ಕಡೆ ಅದು ಚಳಿಗಾಲ, ಬಲೆಯ ಮೇಲೆ ಬಗ್ಗಿದ್ದ ಎಲಿಸೆಯೊ ಹಾಗೇ ಬಗ್ಗಿಕೊಂಡು ಉಳಿದ. ದಾರ ಹುಡುಕುತ್ತಿದ್ದಾನೆ ಎಂದುಕೊಂಡೆ. ಬೇಗ ಕೊಡೋ ಎಂದು ಬೈದೆ ಕೂಡ. ಎದೆಬಡಿತ ನಿಂತಿತ್ತು.

ನಮ್ಮಲ್ಲಿ ಹೆಣ ಹೂಳಿದ ಮೇಲೆ ಒಂಬತ್ತು ಸಂಜೆ ಮನೆಯಲ್ಲಿ ಜಪಮಾಲೆ ಹೇಳುತ್ತೇವೆ. ಕೊನೆಯ ಸಂಜೆ ನೆರೆಹೊರೆಯವರು ಕಾಫಿ ಕುಡಿದು ಎದ್ದು ಹೋದರು. ಮಿರ್ತಾ ಗಂಡ ಸತ್ತಾಗಲೂ ದೊಡ್ಡದಾಗಿ ಅತ್ತವಳಲ್ಲ. ಮಗಳ ಕೈ ಹಿಡಿದು ಕೇಳಿದಳು.

"ಅವತ್ತು ನಿನಗೆ ಬ್ರೆಡ್ಡು ತಂದ್ರಲ್ಲ ಅಪ್ಪ, ಅದನ್ನ ಹಾಕು. ಅವ್ರು ನಡೆಯೋದು ನೋಡ್ಬೇಕು ನಾನು. ಫೋಟೊ ನೋಡಿ ನೋಡಿ ಸಾಕಾಯ್ತು, ಅಲ್ಲಾಡಲ್ಲ ಅವು."

ಯಾಸ್ನಾಳ ಮುಖ ಸುಣ್ಣವಾದದ್ದನ್ನು ನಾನೊಬ್ಬನೇ ನೋಡಿದೆ. "ಯೂನಿವರ್ಸಿಟೀಲಿದೆ ಅಮ್ಮ, ತರ್ತೀನಿ" ಎಂದಳು.

ಹೊರಗೆ ಬಂದು ಜಗುಲಿಯ ಮೇಲೆ ಕೂತು ನನಗೆ ನಿಜ ಹೇಳಿದಳು. ಮೂಲ ವಿಡಿಯೊ ಬಲು ದೊಡ್ಡದು, ಜಾಗ ತಿನ್ನುತ್ತದೆ. ಕೆಲಸ ಮುಗಿದ ಮೇಲೆ ಸಿದ್ಧವಾದದ್ದನ್ನು ಉಳಿಸಿಕೊಂಡು ಹಸಿಯದ್ದನ್ನು ಒರೆಸಿ ಹಾಕುವುದು ಆ ವಿದ್ಯೆಯವರ ರೂಢಿ. ಲ್ಯಾಬಿನ ಡಿಸ್ಕನ್ನು ಪ್ರತಿ ಪರೀಕ್ಷೆ ಮುಗಿದ ಮೇಲೆ ಮುಂದಿನವರಿಗೆ ಖಾಲಿ ಮಾಡಿಕೊಡಬೇಕು. ಇವಳೂ ಎಲ್ಲರ ಹಾಗೆ ಮಾಡಿದ್ದಳು. ಎಲಿಸೆಯೊ ನಡೆದಾಡಿದ ಒಂದೇ ಒಂದು ವಿಡಿಯೊ ಈ ಭೂಮಿಯ ಮೇಲೆ ಇದ್ದದ್ದು ಅದು. ಈಗ ಉಳಿದಿರುವುದು ಅವನು ಇಲ್ಲದ್ದು, ಅದೂ ಪೂರ್ತಿ ಅಂಕದಷ್ಟು ಚೆನ್ನಾಗಿ ಇಲ್ಲದ್ದು.

ಅವಳು ಕಂಡಕಂಡವರನ್ನು ಕೇಳಿದಳು. ಲ್ಯಾಬಿನವರು ಹುಡುಕಾಡಿದರು, ಪ್ರೊಫೆಸರ್ ಇತುರ್ರಾ ತಮ್ಮ ಹಳೆಯ ಡಿಸ್ಕುಗಳನ್ನೆಲ್ಲ ತೆಗೆದು ನೋಡಿದರು. ಆ ವಿಡಿಯೊ ಇದ್ದ ಜಾಗದಲ್ಲಿ ಬೇರೆ ಹುಡುಗರ ಕೆಲಸ ಕೂತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇತ್ತ ಮಿರ್ತಾ ದಿನಾ ಕೇಳುವಳು, ವಿಡಿಯೊ ತಂದ್ಯಾ, ತಂದ್ಯಾ ಎಂದು. ಅನ್ನ ಬಿಟ್ಟು ಟೀಯಲ್ಲೇ ದಿನ ನೂಕತೊಡಗಿದಳು. ಮೈ ಇಳಿದು ಹಂಚಿಕಡ್ಡಿಯಾದಳು.

ಒಂದು ಭಾನುವಾರ ಯಾಸ್ನಾ ಎಲಿಸೆಯೊನ ಕೋಟು, ಟೋಪಿ ಹಿಡಿದುಕೊಂಡು ನನ್ನ ಮನೆಗೆ ಬಂದಳು.

"ಪದ್ರಿನೊ, ನೀವೂ ಅಪ್ಪನೂ ಒಂದೇ ಎತ್ತರ."

"ಅದಕ್ಕೆ?"

"ಇದನ್ನ ಹಾಕ್ಕೊಂಡು ದಡದಲ್ಲಿ ನಡೀರಿ. ಮುಖ ನಾನು ನೋಡ್ಕೋತೀನಿ."

ನಾನು ಉರಿದುಬಿದ್ದೆ. "ತಲೆ ನೆಟ್ಟಗಿದೆಯೇನೇ? ಸತ್ತವನ ಬಟ್ಟೆ ಹಾಕ್ಕೊಂಡು ಅವನ ಹೆಂಡ್ತಿಗೆ ನಾಟಕ ತೋರಿಸ್ಲಾ? ನಾಳೆ ಯಾವ ಮುಖ ಇಟ್ಕೊಂಡು ಅವಳ ಕೈಲಿ ಟೀ ಕುಡೀಲಿ? ಅಮ್ಮನಿಗೆ ನಿಜ ಹೇಳು."

"ನಾನೇ ಒರೆಸಿ ಹಾಕ್ದೆ ಅಂತ ಹೇಳ್ಲಾ?" ಎಂದಳು. ನಾನು ಕೋಟು ತೊಟ್ಟೆ. ಅದರಲ್ಲಿ ಇನ್ನೂ ಬಲೆಗೆ ಬಳಿಯುವ ಟಾರಿನ ವಾಸನೆ ಇತ್ತು.

ಮಂಜು ಇರುವ ಬೆಳಿಗ್ಗೆ ನೋಡಿ ದಡಕ್ಕೆ ಹೋದೆವು. ಫ್ಲಾಸ್ಕು ಹಿಡಿದು, ಬ್ರೆಡ್ಡು ಹಿಡಿದು, ಆ ತುದಿಯಿಂದ ಈ ತುದಿಗೆ ನಡೆದೆ. ಅವನ ಹಾಗೆ ಭುಜ ಆಡಿಸಲು ನೋಡಿದೆ. ನನ್ನ ಎಡ ಮಂಡಿ ಹಳೆಯ ಪೆಟ್ಟು ತಿಂದದ್ದು, ಅದು ಹೇಳಿದ ಮಾತು ಕೇಳುವುದಿಲ್ಲ. ಮತ್ತೆ ಮತ್ತೆ ನಡೆಸಿದಳು. ನನಗೆ ಅಳು ಬಂದು ಬ್ರೆಡ್ಡು ಮರಳಿಗೆ ಬಿತ್ತು. ಅದನ್ನು ಎತ್ತಿ ಒರೆಸಿ ನನ್ನ ಕೈಗೇ ಕೊಟ್ಟು, "ಇನ್ನೊಂದೇ ಸಲ" ಎಂದಳು.

ಆಮೇಲೆ ಬೇಸಗೆ ಬರುವ ತನಕ ಅವಳು ಅದರಲ್ಲೇ ಮುಳುಗಿದಳು. ಒಂದೊಂದೇ ಚಿತ್ರ ತೆಗೆದುಕೊಂಡು ನನ್ನ ಮುಖ ತೆಗೆದು ಅಪ್ಪನ ಮುಖ ಕೂರಿಸಿದಳು, ಮಗಳ ಪ್ರಸಾದದ ದಿನ ಅವನು ನಕ್ಕಿದ್ದ ಮುಖ. ನನ್ನ ಕುಂಟು ಸ್ವಲ್ಪ ತಿದ್ದಿದಳು, ಪೂರ್ತಿ ಹೋಗಲಿಲ್ಲ. ಬೇರೆ ಪಾಠಗಳಲ್ಲಿ ಹಿಂದೆ ಬಿದ್ದಳು. ಪ್ರೊಫೆಸರ್ ಇತುರ್ರಾ ಕರೆದು ಗದರಿದರಂತೆ. ಇವಳು ಕೆಲಸ ತೋರಿಸಿದ ಮೇಲೆ ಅವರು ಗದರುವುದನ್ನು ಬಿಟ್ಟರಂತೆ.

ಮಿರ್ತಾ ಅದನ್ನು ಟಿವಿಯಲ್ಲಿ ನೋಡಿದ ಸಂಜೆ ನಾನೂ ಇದ್ದೆ, ಬರಲೇಬೇಕೆಂದು ಅವಳೇ ಹೇಳಿಕಳಿಸಿದ್ದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಮಂಜಿನಲ್ಲಿ ಎಲಿಸೆಯೊ ಬಂದ. ದೇವರಾಣೆ, ನಾನೇ ಕುರ್ಚಿಯಿಂದ ಅರ್ಧ ಎದ್ದೆ. ಮಿರ್ತಾ ಎದ್ದು ಹೋಗಿ ಟಿವಿಯ ಗಾಜು ಸವರಿದಳು.

"ನೋಡು ನಿಬಾಲ್ಡೊ, ಕಾಲೆಳೀತಾರೆ. ಆಗ್ಲೇ ಮೈ ಹುಷಾರಿರ್ಲಿಲ್ಲ ಅವ್ರಿಗೆ. ನನಗೆ ಒಂದು ಮಾತು ಹೇಳ್ಲಿಲ್ಲ ನೋಡು" ಎಂದಳು. ಅಂದು ಗಂಡ ಸತ್ತ ಮೇಲೆ ಮೊದಲ ಸಲ ಮನಸಾರೆ ಅತ್ತಳು. ಅತ್ತು ಎದ್ದು ಬಟಾಣಿ ಸಾರು ಬಿಸಿ ಮಾಡಿ ಹೊಟ್ಟೆ ತುಂಬ ಊಟ ಮಾಡಿದಳು.

ಕೆಲಸ ಕೈಗೂಡಿತು, ಇನ್ನು ಹುಡುಗಿ ನೆಮ್ಮದಿಯಾಗಿ ಓದಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡೆ. ಮರುದಿನ ಅವಳನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ತಡವಿತ್ತು. ಅವಳು ನನ್ನ ಕಡೆ ನೋಡದೆ ರಸ್ತೆ ನೋಡುತ್ತ ಮಾತಾಡಿದಳು.

"ಪದ್ರಿನೊ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ."

"ಹೇಳು."

"ಕಣ್ಣು ಮುಚ್ಚಿದ್ರೆ ಅಪ್ಪ ಬರ್ತಿಲ್ಲ. ನೀವು ಬರ್ತೀರ. ಕೋಟು ಅಪ್ಪಂದು, ಮುಖ ಅಪ್ಪಂದು, ನಡಿಗೆ ನಿಮ್ದು. ಎಷ್ಟು ತಿಂಗ್ಳು ನಿಮ್ಮ ಕಾಲನ್ನೇ ನೋಡ್ದೆ ನಾನು, ಒಂದೊಂದೇ ಚಿತ್ರ. ಅಪ್ಪ ಹೆಂಗೆ ನಡೀತಿದ್ರು ಅಂತ ಎಷ್ಟು ತಿಣುಕಿದ್ರೂ ನೆನಪಾಗ್ತಿಲ್ಲ."

"ಅಯ್ಯೋ ಹುಚ್ಚಿ, ಅಷ್ಟೇ ತಾನೇ, ಬಲಭುಜ ಹೀಗೆ ಆಡಿಸ್ತಿದ್ದ" ಎಂದು ನಾನು ಎದ್ದು ನಡೆದು ತೋರಿಸಲು ಹೋದೆ.

"ಬೇಡ" ಎಂದಳು. "ನಡೀಬೇಡಿ ಪದ್ರಿನೊ. ಕೂತ್ಕೊಳ್ಳಿ."

ಕೂತೆ. ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಚೀಲ ಹೆಗಲಿಗೇರಿಸಿಕೊಂಡಳು. "ಸ್ವಲ್ಪ ಕಾಲ ನನ್ನ ಕಣ್ಣಿಗೆ ಬೀಳ್ಬೇಡಿ. ನೀವು ಕಾಣ್ದೇ ಇದ್ರೆ ಅಪ್ಪ ವಾಪಸ್ ಬರಬಹುದು" ಎಂದು ನನ್ನ ಕೆನ್ನೆಗೆ ಮುತ್ತು ಕೊಟ್ಟು ಹತ್ತಿದಳು.

ಯಾಸ್ನಾ ಓದು ಮುಗಿಸಿ ಈಗ ರಾಜಧಾನಿ ಸಾಂತಿಯಾಗೊದಲ್ಲಿ ಜಾಹೀರಾತಿನವರ ಹತ್ತಿರ ಕೆಲಸ ಮಾಡುತ್ತಾಳೆ, ತಂತಿ, ಕಂಬ, ಹುಡುಗಿಯರ ಮೊಡವೆ ಅಳಿಸುತ್ತಾಳಂತೆ. ಹೆಸರು ಮಾಡಿದ್ದಾಳೆ ಎಂದು ಮಿರ್ತಾ ಹೇಳುತ್ತಾಳೆ. ಮಿರ್ತಾ ಸಂಜೆಯ ಟೀಗೆ ಕುಳಿತಾಗ ಎದುರಿಗೆ ಆ ವಿಡಿಯೊ ಹಾಕಿಕೊಳ್ಳುತ್ತಾಳೆ, ನನ್ನನ್ನೂ ಕರೆಯುತ್ತಾಳೆ. ಮಂಡಿ ನೋವು ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಯಾಸ್ನಾ ಹಬ್ಬಕ್ಕೆ ಬಂದಿದ್ದಾಳೆ ಎಂದು ಹಿಲ್ಡಾ ಕೂಗಿ ಹೇಳಿದರೆ ನಾನು ಚಪ್ಪರಕ್ಕೆ ಹೋಗುವುದಿಲ್ಲ, ಬಾಗಿಲು ಹಾಕಿಕೊಂಡು ಒಳಗೇ ಬಲೆ ಹೆಣೆಯುತ್ತೇನೆ. ಎಲಿಸೆಯೊ ಅವಳಿಗೆ ವಾಪಸ್ ಸಿಕ್ಕನೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಅವಳೇ ಬಂದು ಬಾಗಿಲು ತಟ್ಟುತ್ತಿದ್ದಳು. ಇನ್ನೂ ತಟ್ಟಿಲ್ಲ.