ಏಳುವ ವಿಸಿಲ್

ಮೊನ್ನೆ ಮಿಜಾರಿನ ಕಾಲೇಜಿನಲ್ಲಿ ಹುಡುಗರು ಪಂದ್ಯ ಗೆದ್ದ ಖುಷಿಗೆ ಮಾಲೆ ಪಟಾಕಿ ಹೊಡೆದರು. ಕ್ಯಾಂಟೀನಿನಲ್ಲಿ ಗ್ಲಾಸು ತೊಳೆಯುತ್ತಿದ್ದ ನನ್ನ ಮೂಗಿಗೆ ಮದ್ದಿನ ಘಾಟು ಬಡಿದದ್ದೇ ತಡ, ಕಾಕ ನೆನಪಾದರು... ನಮ್ಮ ಕಲ್ಲಿನ ಕೋರೆಯಲ್ಲಿ ಬಂಡೆಗೆ ಮದ್ದು ಇಡುತ್ತಿದ್ದ, ಪಕ್ಕದ ಮನೆಯ ಬ್ಯಾರಿ ಕಾಕ.

ಅವರ ಕೊರಳಲ್ಲಿ ಸದಾ ಒಂದು ವಿಸಿಲ್ ನೇತಾಡುತ್ತಿತ್ತು. ಗಿಡ್ಡಕ್ಕೆ ಮೂರು ಸಲ ಊದಿದರೆ ಕಲ್ಲು ಹೊರುವ ನಾವೆಲ್ಲ ಇದ್ದಲ್ಲೇ ಕವುಚಿ ಮಲಗಬೇಕು. ಬಂಡೆ ಸಿಡಿದ ಮೇಲೆ ಉದ್ದಕ್ಕೆ ಒಂದು ಊದಿದರೆ ಏಳಬೇಕು. ನಡುವೆ ತಲೆ ಎತ್ತಿದೆವೋ, ಮುಗಿಯಿತು! "ನಿಂಗೆ ತಲೆ ಎರಡು ಉಂಟಾ ಮಾರಾಯ್ತಿ?" ಎಂದು ಉಗಿಯುತ್ತಿದ್ದರು. ಹಾಗೆ ಉಗಿದು ಉಗಿದೇ ನಮ್ಮನ್ನೆಲ್ಲ ಉಳಿಸಿಕೊಂಡಿದ್ದರು ಪುಣ್ಯಾತ್ಮ.

ಆಮೇಲೆ ಕೋರೆ ಮುಚ್ಚಿತು. ಮನೆಗಳಲ್ಲಿ ಗಂಜಿಗೂ ತತ್ವಾರ. ಬೇರೆ ಕೆಲಸವನ್ನಾದರೂ ಕೊಡಿ ಎಂದು ಸರಕಾರಿ ಕಚೇರಿಗಳಲ್ಲಿ ಬೇಡಿ ಬೇಡಿ ಸಾಕಾಗಿ, ಒಂದು ಬೆಳಿಗ್ಗೆ ಹೆದ್ದಾರಿಯಲ್ಲೇ ಕೂತೆವು. ಕಾಕ ಮುಂದಿನ ಸಾಲಿನಲ್ಲಿದ್ದರು.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದರು, ಒಬ್ಬ ಕೋವಿ ಎತ್ತಿದ. ಅದು ಅಶ್ರುವಾಯುವಿನದ್ದಂತೆ, ನಮಗೇನು ಗೊತ್ತು! ಕಾಕನ ಕೈ ತಾನಾಗಿ ವಿಸಿಲಿಗೆ ಹೋಯಿತು. ಗಿಡ್ಡಕ್ಕೆ ಮೂರು. ನಾವೆಲ್ಲ ಕಾದ ಡಾಮರಿನ ಮೇಲೆ ಕವುಚಿ ಬಿದ್ದೆವು. ಓಡಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆವೋ ಏನೋ... ಮಲಗಿದ್ದ ಬೆನ್ನುಗಳ ಮೇಲೆ ಲಾಠಿಗಳು ಬಿದ್ದವು. ನನ್ನ ಪಕ್ಕದವಳ ಮೊಣಕೈ ಒಣ ಕಟ್ಟಿಗೆಯಂತೆ ಲಟಕ್ಕೆಂದಿತು. ನನ್ನ ಸೊಂಟಕ್ಕೆ ಬೂಟು ಬಿತ್ತು. ಆದರೂ ಒಬ್ಬರೂ ಏಳಲಿಲ್ಲ. ಏಳುವ ವಿಸಿಲ್ ಆಗಿರಲಿಲ್ಲವಲ್ಲ!

ಕಾಕ ಅದನ್ನು ಊದಲು ಬಾಯಿಗಿಟ್ಟದ್ದನ್ನು ನಾನು ಓರೆಗಣ್ಣಿನಲ್ಲಿ ಕಂಡೆ. ಅಷ್ಟರಲ್ಲಿ ಲಾಠಿ ನೇರ ಬಾಯಿಗೇ ಬಿತ್ತು. ವಿಸಿಲಿನೊಟ್ಟಿಗೆ ಹಲ್ಲುಗಳೂ ಉದುರಿದವು. ಏನೋ ಕೂಗಿದರು, ರಕ್ತವೇ ಬಂತು. ಪೊಲೀಸರು ಅವರ ಕಾಲು ಹಿಡಿದು ಎಳೆದುಕೊಂಡು ಹೋಗಿ ವ್ಯಾನಿಗೆ ತುಂಬಿದರು.

ವಿಸಿಲ್ ಊದಿದ್ದು ಪೊಲೀಸರ ಮೇಲೆ ದಾಳಿಯ ಸನ್ನೆಯಂತೆ, ಹಾಗೆಂದು ಕೇಸು ಹಾಕಿದರು! ಥೂ, ಕವುಚಿ ಮಲಗಿ ಯಾರಾದರೂ ದಾಳಿ ಮಾಡುತ್ತಾರೆಯೇ? ಆ ಕೇಸಿನಲ್ಲಿ ಕಾಕನನ್ನೂ ಮುಂದೆ ಕೂತಿದ್ದ ಇನ್ನು ಕೆಲವರನ್ನೂ ಜೈಲಿಗೆ ಹಾಕಿದರು. ನೋಡಲು ಹೋದಾಗ ಕಂಬಿಯ ಆಚೆಯಿಂದ ಕಾಕ ಕೇಳಿದ್ದು ಒಂದೇ ಮಾತು.

"ಎಲ್ಲರೂ ಎದ್ದರಾ ಮಗಳೇ?"

"ಎದ್ದಿದ್ದಾರೆ ಕಾಕ. ನೀವೊಮ್ಮೆ ಹೊರಗೆ ಬನ್ನಿ," ಎಂದೆ.

ಬರಲಿಲ್ಲ. ಜಾಮೀನು ಸಿಗುವ ಮೊದಲೇ ಒಳಗೇ ತೀರಿಕೊಂಡರು. ದಫನಕ್ಕೆ ಮೊದಲು ಮಯ್ಯತ್ತು ಮೀಯಿಸಿದವರು ಹೊರಗೆ ಬಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತರು. ಬೆನ್ನಿನಲ್ಲಿ ಬಾಸುಂಡೆಯಿಲ್ಲದ ಜಾಗವೇ ಇರಲಿಲ್ಲವಂತೆ.

ಮೊನ್ನೆ ಪಟಾಕಿ ನಿಂತಾಗ ನಾನು ಕ್ಯಾಂಟೀನಿನ ನೆಲದ ಮೇಲೆ ಕವುಚಿ ಮಲಗಿದ್ದೆ. ಸುತ್ತ ಗ್ಲಾಸಿನ ಚೂರು. "ಎಂತಾಯ್ತು ಅಕ್ಕಾ? ಏಳಿ, ಏಳಿ," ಎಂದು ಹುಡುಗಿಯರು ತೋಳು ಹಿಡಿದು ಎಳೆದರು. ಮೈ ಕೇಳಲಿಲ್ಲ.

ಎಲ್ಲರೂ ಎದ್ದಿದ್ದಾರೆ ಎಂದಿದ್ದೆ ಕಾಕನಿಗೆ. ನಾನೇ ಇನ್ನೂ ಎದ್ದಿಲ್ಲ...