ಜೈಲಿಗೆಂದೇ ಇಟ್ಟ ಸಂಪಾದಕ

ನನ್ನ ಗಂಡ ಜನ್ಮದಲ್ಲಿ ಒಂದು ಲೇಖನ ಬರೆದವರಲ್ಲ. ಆದರೂ ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಹುಬ್ಬಳ್ಳಿಯ ಒಂದು ವಾರಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಂಪಾದಕರು, ಮುದ್ರಕರು, ಪ್ರಕಾಶಕರು ಎಂದು ಅವರ ಹೆಸರೇ ಅಚ್ಚಾಗುತ್ತಿತ್ತು. ಅವರು ಆ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದವರು. ಪತ್ರಿಕೆಯನ್ನು ನಿಜವಾಗಿ ನಡೆಸುತ್ತಿದ್ದವರು ಒಬ್ಬ ನಿವೃತ್ತ ಮಾಸ್ತರರು. ಅವರು ಸರಕಾರದ ವಿರುದ್ಧ ಬರೆದು ಎರಡು ಸಲ ಜೈಲು ಕಂಡಿದ್ದರು, ಎರಡನೆಯ ಸಲ ಎದೆಯ ಬೇನೆ ಹಚ್ಚಿಕೊಂಡು ಬಂದಿದ್ದರು. ಮೂರನೆಯ ಸಲ ಹೋದರೆ ಜೀವಸಹಿತ ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಜೈಲಿಗೆ ಹೋಗಲಿಕ್ಕೆಂದೇ ಇನ್ನೊಬ್ಬ ಸಂಪಾದಕ ಬೇಕಾಗಿತ್ತು. ಆಗ ಎಷ್ಟೋ ಪತ್ರಿಕೆಗಳಲ್ಲಿ ಇದೇ ಪದ್ಧತಿ. ನಮ್ಮವರು ಧಾರವಾಡಕ್ಕೆ ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ಪತ್ರಿಕೆಯ ಹೊಣೆ ತಮ್ಮದೆಂಬ ಕಾಗದಕ್ಕೆ ಸಹಿ ಮಾಡಿ, ಬರುವಾಗ ನನಗೆ ಪೇಢೆ ತಂದರು. ಪೇಢೆ ತಿಂದು ಮುಗಿದ ಮೇಲೆ ವಿಷಯ ಹೇಳಿದರು.

ನಾನು ಕೂಗಾಡಿದೆ. ಕೂಗಾಡುವುದು ನನ್ನ ಸ್ವಭಾವ, ಮುಚ್ಚಿಡುವುದೇನು ಬಂತು? ಆಗ ಕೂಗಾಡದೆ ಇರುವಂಥ ದಿನಗಳೂ ಅಲ್ಲ. ರೇಶನ್ ಅಂಗಡಿಯ ಜೋಳದಲ್ಲಿ ಅರ್ಧ ಹರಳುಕಲ್ಲು. ಚಿಮಣಿ ಎಣ್ಣೆಗೆ ಬೆಳಗಿನಿಂದ ಸರದಿ. ಸರದಿಯಲ್ಲಿ ನಿಂತು ಬಂದು ರೊಟ್ಟಿ ಬಡಿಯುತ್ತ, ಅಂಗಡಿಯವನನ್ನೂ ಸರಕಾರವನ್ನೂ ಒಂದೇ ಉಸಿರಿಗೆ ಬೈಯುತ್ತಿದ್ದೆ. ಎದುರಿಗೆ ಕೂತು ಉಣ್ಣುವ ಮನುಷ್ಯ ಒಂದು ಹೂಂ ಅನ್ನಬಾರದೇ? ಅದೂ ಇಲ್ಲ. ಬಲಗೈ ರೊಟ್ಟಿಯಲ್ಲಿ, ಎಡಗೈಯಲ್ಲಿ ತುಂಡು ಪೆನ್ಸಿಲು. ಪ್ರೆಸ್ಸಿನಿಂದ ತಂದ ಕೆಟ್ಟ ಹಾಳೆಯ ಬೆನ್ನ ಮೇಲೆ ಏನೋ ಗೀಚಿಕೊಳ್ಳುವುದು. ಕೆಲಸದ ಲೆಕ್ಕವಿದ್ದೀತು ಎಂದುಕೊಂಡು, ಅದಕ್ಕೂ ಬೈದೆ.

ಒಂದು ಮಧ್ಯಾಹ್ನ ಪೋಲೀಸರು ಪ್ರೆಸ್ಸಿಗೆ ಬಂದು ಆ ವಾರದ ಪ್ರತಿಗಳನ್ನೆಲ್ಲ ಗಂಟು ಕಟ್ಟಿಕೊಂಡು, ಜೊತೆಗೆ ಇವರನ್ನೂ ಕರೆದುಕೊಂಡು ಹೋದರು. ಯುದ್ಧದ ಕಾಲದಲ್ಲಿ ಜನರ ಧೈರ್ಯ ಕೆಡಿಸುವ ಬರಹ ಅಚ್ಚು ಹಾಕಿದರಂತೆ. ಬರೆದವರ ಹೆಸರು ಹೇಳಿ ಮಾಫಿ ಬರೆದುಕೊಟ್ಟರೆ ಬಿಡುಗಡೆ, ಇಲ್ಲವಾದರೆ ಆರು ತಿಂಗಳು. ಇಷ್ಟು ಸುಲಭದ ಮಾತಿಗೆ ಯಾವ ಮನುಷ್ಯ ತಡಮಾಡುತ್ತಾನೆ? ನಾನು ಧಾರವಾಡದ ಜೈಲಿಗೆ ಭೆಟ್ಟಿಗೆ ಹೋದೆ.

“ಯಾರ ಬರದಾರ ಅಂತ ಹೇಳಿ ಹೊರಗ ಬರ್ರಿ. ನೀವೇನ ಬರದೀರೇನು?” ಎಂದೆ.

“ಇಲ್ಲ.”

“ಮತ್ತ ಹೇಳಾಕ ಏನ ಧಾಡಿ?”

“ಅದೊಂದ ಹೇಳಾಕ ಬರೂದಿಲ್ಲ ನೋಡು,” ಎಂದು ನಕ್ಕರು. ಕಂಬಿಯ ಆ ಕಡೆ ನಿಂತು ನಗುತ್ತಾರೆ! ಅದು ಸಾಲದೆಂದು, ತಮ್ಮ ಜಾಗದಲ್ಲಿ ಈಗ ಮೊಳೆ ಯಾರು ಜೋಡಿಸುತ್ತಾರೆ, ಸಾಲು ಸೊಟ್ಟ ಬರುತ್ತಿಲ್ಲ ತಾನೇ ಎಂದು ವಿಚಾರಿಸಿದರು. ಮನೆಯಲ್ಲಿ ಎರಡು ಮಕ್ಕಳಿವೆ ಎಂಬುದನ್ನು ನಾನೇ ನೆನಪು ಮಾಡಿಕೊಡಬೇಕಾಯಿತು.

ಮೈಯೆಲ್ಲ ಉರಿದು ನೆಟ್ಟಗೆ ಮಾಸ್ತರರ ಮನೆಗೆ ಹೋದೆ. ನೀವು ಬರೆಯುವುದು, ನನ್ನ ಗಂಡ ಜೈಲಿಗೆ ಹೋಗುವುದು, ಇದು ಯಾವ ಊರ ನ್ಯಾಯ ಎಂದು ಬಾಯಿಗೆ ಬಂದದ್ದು ಅಂದೆ. ಅವರು ಕೆಮ್ಮು ನಿಲ್ಲುವ ತನಕ ಕಾದು, “ಅದನ್ನ ನಾ ಬರದಿಲ್ಲ, ತಂಗಿ,” ಎಂದರು. “ಹಂಗಾರ ಯಾರ ಬರದ್ರು?” ಎಂದು ಕೇಳಿದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಗೋಡೆಯ ಕಡೆ ನೋಡತೊಡಗಿದರು. ಸುಳ್ಳು ಹೇಳುವವರು ಹೀಗೇ ಮಾಡುತ್ತಾರೆ ಎಂದು ನಾನು ಎದ್ದು ಬಂದೆ.

ಮರುವಾರ ಧಾರವಾಡದ ಕಲೆಕ್ಟರ ಕಚೇರಿಗೇ ಹೋದೆ. ಪತ್ರಿಕೆಗಳನ್ನು ಓದಿ ಸಾಹೇಬರಿಗೆ ವರದಿ ಕೊಡುವ ಕಾರಕೂನರೊಬ್ಬರು ಅಲ್ಲಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಕೂಡಲಿಕ್ಕೆ ಕುರ್ಚಿಯನ್ನೂ ಕೊಟ್ಟರು. “ನಿಮ್ಮ ಯಜಮಾನ್ರು ಬರದಿಲ್ಲಾಂತ ನಮಗೂ ಗೊತ್ತದ ರೀ. ಹೆಸರ ಹೇಳ್ಸ್ರಿ, ಕರಕೊಂಡ ಹೋಗ್ರಿ,” ಎಂದರು. ಅಂಥಾದ್ದೇನು ಬರೆದಿದ್ದಾರೆ ಎಂದು ಕೇಳಿದೆ. ಅವರು ಫೈಲು ಬಿಚ್ಚಿ, ಕೆಂಪು ಗೀಟು ಹಾಕಿದ ಸಾಲುಗಳನ್ನು ಓದಿದರು:

“ಜರ್ಮನಿಯನ್ನು ಸೋಲಿಸುವುದು ಆಮೇಲಾಗಲಿ. ಈ ಸರಕಾರ ಮೊದಲು ನಮ್ಮ ಮನೆಗೆ ಬಂದು ಒಂದು ಮೊರ ಜೋಳದ ಹರಳು ಆರಿಸಿ ತೋರಿಸಲಿ. ಆ ಹರಳು ಒಟ್ಟು ಮಾಡಿದರೆ ಜರ್ಮನಿಯವರಿಗೆ ಹೊಡೆಯಲು ಗುಂಡೇ ಬೇಕಾಗಿಲ್ಲ.”

ಅದು ನಾನು ಒಲೆಯ ಮುಂದೆ ಮೊರ ಕುಟ್ಟಿ ಆಡಿದ ಮಾತು. ಉಣ್ಣುವಾಗ ಅವರು ಗೀಚಿಕೊಂಡದ್ದು ಇದನ್ನೇ; ಭಾಷೆ ಸ್ವಲ್ಪ ತಿದ್ದಿದ್ದರು, ಅಷ್ಟೇ. ಮುಂದಿನ ಸಾಲುಗಳೂ ನನ್ನವೇ. ಚಿಮಣಿ ಎಣ್ಣೆಯ ಸರದಿಯಲ್ಲಿ ನಿಂತು ನಿಂತು ಕಾಲು ಬಾತದ್ದೂ ಅದರಲ್ಲಿ ಇತ್ತು. ಮೊದಲು ಬಂದದ್ದು ಸಿಟ್ಟು: ಹೇಳದೆ ಕೇಳದೆ ನನ್ನ ಮಾತು ಕದ್ದರಲ್ಲ ಎಂದು. ಆಮೇಲೆ ಕಂಬಿಯ ಆ ಕಡೆಯ ನಗು ನೆನಪಾಯಿತು. ನನ್ನ ಹೆಸರನ್ನೇ ಹೇಳಿರೆಂದು ಅವರನ್ನು ಪೀಡಿಸಲು ಹೋಗಿದ್ದೆ ನಾನು!

“ಅದನ್ನ ಅಂದಾಕಿ ನಾನ ರೀ. ನನ್ನ ಒಳಗ ಹಾಕ್ರಿ, ಅವರನ್ನ ಬಿಡ್ರಿ,” ಎಂದೆ.

ಕಾರಕೂನರು ಕನ್ನಡಕ ತೆಗೆದು ನಕ್ಕರು. “ಗಂಡನ್ನ ಬಿಡಿಸಲಿಕ್ಕೆ ಹೆಂಗಸ್ರು ಏನ ಬೇಕಾದ್ದ ಹೇಳ್ತಾರ. ಅವ್ವಾರ, ಇದರಾಗ ರಾಜಕಾರಣ ಅದ. ಇದು ನಿಮ್ಮಂಥವರ ಬಾಯಾಗಿನ ಮಾತಲ್ಲ. ಮನಿಗೆ ನಡೀರಿ.” ಬೇಕಾದರೆ ಇಲ್ಲೇ ಇನ್ನೂ ನಾಲ್ಕು ಮಾತು ಅಂದು ತೋರಿಸುತ್ತೇನೆ ಎಂದೆ. ಸಿಪಾಯಿಯನ್ನು ಕರೆದು, ಇವರಿಗೆ ಸ್ಟೇಶನ್ನಿನ ದಾರಿ ತೋರಿಸು ಎಂದರು. ಆ ದಾರಿ ನನಗೆ ಗೊತ್ತಿತ್ತು. ಇವತ್ತಿಗೂ ಕಾರಕೂನರ ಆ ನಗು ನೆನಪಾದರೆ ಬೈಗುಳ ಬಾಯಿಗೆ ಬರುತ್ತದೆ.

ನಮ್ಮವರು ಆರು ತಿಂಗಳು ಪೂರ್ತಿ ಮಾಡಿ ಬಂದರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈ ಮನುಷ್ಯನನ್ನು ಇನ್ನೊಮ್ಮೆ ಅಲ್ಲಿಗೆ ಕಳಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ. ಜೋಳ ತಂದೆ, ಆರಿಸಿದೆ, ಬೀಸಿದೆ, ಮಾತಾಡಲಿಲ್ಲ. ನಾಲ್ಕನೆಯ ದಿನ ಅವರೇ ಕೇಳಿದರು: “ಯಾಕ ಸುಮ್ಮನದಿ? ಜ್ವಾಳ ಛಲೋ ಬರಾಕತ್ತೈತೇನು?”

“ಛಲೋ ಐತ್ರಿ,” ಎಂದೆ.

ಅವರು ಜೋಳದ ನುಚ್ಚಿನ ತುತ್ತು ಬಾಯಿಗಿಟ್ಟರು. ಕಟಕ್ ಎಂದಿತು. ಇಬ್ಬರಿಗೂ ಕೇಳಿಸಿತು. ಅವರು ಹರಳನ್ನು ತೆಗೆದು ತಾಟಿನ ಅಂಚಿಗಿಟ್ಟು, ನನ್ನನ್ನೇ ನೋಡುತ್ತ ಕೂತರು. ಎಷ್ಟು ಹೊತ್ತು ತಡೆದುಕೊಳ್ಳಲಿ? ಆರು ತಿಂಗಳು ಕಟ್ಟಿಟ್ಟದ್ದೆಲ್ಲ ಒಂದೇ ಸಲಕ್ಕೆ ಬಂತು: ಅಂಗಡಿಯವ, ಸರಕಾರ, ಜರ್ಮನಿ, ಆ ಕಾರಕೂನ, ಒಬ್ಬರನ್ನೂ ಬಿಡಲಿಲ್ಲ. ನಮ್ಮವರ ಎಡಗೈ ಆಗಲೇ ಪೆನ್ಸಿಲು ಹುಡುಕುತ್ತಿತ್ತು.

“ಬರಕೊಳ್ರಿ,” ಎಂದೆ. “ಆದರ ಈ ಸಲ ಯಾರಾದ್ರೂ ಹೆಸರ ಕೇಳಿದ್ರ, ನಂದ ಹೇಳ್ರಿ.”