ಹಿತ್ತಾಳೆಯ ಬಾಯಿ ಬಿಡಿಸುವ ಫಿಡೆಲಿಸ್

ಶಿರ್ವದ ಫಿಡೆಲಿಸ್ ಕತಾರಿಗೆ ಬಂದು ಇಪ್ಪತ್ತಾರು ವರ್ಷ. ಇಷ್ಟು ಕಾಲ ಅವನನ್ನು ಇಲ್ಲಿ ಉಳಿಸಿದ್ದು ಎರಡೇ ಗುಣ: ಕೈ ಚುರುಕು, ಬಾಯಿ ಬಂದ್. ಮೇಲಿನವರು ಏನು ಹೇಳಿದರೂ "ಓಕೆ ಸರ್", ಕೆಳಗಿನವರು ಏನು ಕೇಳಿದರೂ "ನೋಡುವ". ಇಂಥವನಿಗೆ ದೇವರು ಕೊಟ್ಟ ಉದ್ಯೋಗವೆಂದರೆ ಬಾಯಿ ಬಿಡಿಸುವುದು.

ಊರಾಚೆಯ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ, ಹೊಡೆದು ಖಾಲಿಯಾದ ತೋಟಾಗಳ ಹಿತ್ತಾಳೆಯ ಕೊಳವೆಗಳನ್ನು, ಅಂದರೆ ಕೇಸುಗಳನ್ನು, ಮದ್ದು-ಗುಂಡು ಹಾಕಿ ಮತ್ತೆ ತುಂಬಿಸುವವನು ಅವನು. ಎರಕ ಹೊಯ್ದ ಸೀಸದ ಗುಂಡು ಮೆತ್ತಗಿನ ಜೀವ. ಕೇಸಿನ ಬಾಯಿ ಬಿಗಿಯಾಗಿದ್ದರೆ ಗುಂಡಿನ ಮೈ ತರಚುತ್ತದೆ. ಅತಿಯಾಗಿ ಅಗಲಿಸಿದರೆ ಬಾಯಿಯೇ ಸೀಳುತ್ತದೆ. ಅದನ್ನು ಹದವಾಗಿ ಅಗಲಿಸಲು ಒಳಗೆ ಒತ್ತುವ ಉಕ್ಕಿನ ಸಾಧನಕ್ಕೆ ಎಕ್ಸ್‌ಪ್ಯಾಂಡರ್ ಡೈ ಎಂದು ಹೆಸರು.

ಕ್ಲಬ್ಬಿನಲ್ಲಿ ಸೀಸದ ಗುಂಡು ಬೇಕಾಗಿದ್ದುದು ಒಬ್ಬರಿಗೇ. ಅವರು ಯಾಕೂಬ್, ಎಪ್ಪತ್ತೆರಡರ ಕತಾರಿ ಹಿರಿಯರು. ಅವರ ತಂದೆಯ ಕಾಲದ ರಿವಾಲ್ವರ್ ಕ್ಲಬ್ಬಿನ ಲಾಕರಿನಲ್ಲೇ ಇರುತ್ತದೆ. ಪ್ರತಿ ಮಂಗಳವಾರ ಬಂದು, ಆರು ಗುಂಡು ಹೊಡೆದು, ಫಿಡೆಲಿಸ್ ಜೊತೆ ಒಂದು ಕರಕ್ ಚಹಾ ಕುಡಿದು ಹೋಗುವುದು ಅವರ ಕ್ರಮ. ಅವರ ಹಿಂದಿಯೂ ಇವನ ಅರಬ್ಬಿಯೂ ಸಮಾನವಾಗಿ ಮುರಿದಿದ್ದರಿಂದ ಮಾತಿಗೆ ತೊಂದರೆಯಿರಲಿಲ್ಲ.

ಹಳೆಯ ಡೈ ಸವೆದಾಗ ಡ್ರಾಯರಿನಲ್ಲಿ ಅದೇ ನಂಬರಿನ ಇನ್ನೊಂದು ಸಿಕ್ಕಿತು. ಆದರೆ ಅದು ತಾಮ್ರದ ಹೊದಿಕೆಯ ಗುಂಡಿಗೆ ಮಾಡಿದ್ದು, ಕೂದಲೆಳೆಯಷ್ಟು ಸಪೂರ. ಕೇಸಿನ ತುಟಿಯನ್ನು ಅರಳಿಸುತ್ತದೆ, ಗಂಟಲನ್ನು ಬಿಗಿಯಾಗಿಯೇ ಬಿಡುತ್ತದೆ. ಫಿಡೆಲಿಸ್‌ಗೆ ಅನುಮಾನ ಬಂತು. ಬೇರೆಯದು ಬೇಕೆಂದರೆ ಮ್ಯಾನೇಜರ್ ಲ್ಯಾನ್ಸ್‌ಲಾಟನನ್ನು ಕೇಳಬೇಕು, ಅವನು ಯಾಕೆ ಎನ್ನುತ್ತಾನೆ, ಆಮೇಲೆ ವಿವರಿಸಬೇಕು. ಇಷ್ಟೆಲ್ಲ ಮಾತಿನ ರಗಳೆ ಯಾರಿಗೆ ಬೇಕು? ಇದ್ದುದನ್ನೇ ಹಾಕಿದ.

ಚಹಾ ಕಪ್ಪಿನ ಬಾಯಿಯಗಲದಲ್ಲಿ ಆರೂ ಗುಂಡು ಕೂರಿಸುತ್ತಿದ್ದ ಯಾಕೂಬರ ಗುರಿಹಲಗೆ ಎರಡು ಮಂಗಳವಾರ ಜರಡಿಯಾಯಿತು.

"ಖಲಾಸ್, ಫಿಡೆಲಿಸ್," ಎಂದರು. "ಕೈಗೆ ವಯಸ್ಸಾಯಿತು. ಮುಂದಿನ ವಾರ ಸಹಿ ಹಾಕಿ ಈ ರಿವಾಲ್ವರನ್ನು ಕ್ಲಬ್ಬಿನ ಗಾಜಿನ ಪೆಟ್ಟಿಗೆಗೆ ಕೊಟ್ಟುಬಿಡ್ತೇನೆ."

ಅವರು ಹೋದ ಮೇಲೆ ಫಿಡೆಲಿಸ್ ಬ್ಯಾರೆಲ್ ಒರೆಸಿದ. ಒಳಗೆಲ್ಲ ಸೀಸ ಮೆತ್ತಿತ್ತು. ಉಳಿದಿದ್ದ ಒಂದು ತೋಟಾದಿಂದ ಗುಂಡು ಎಳೆದು ಅಳೆದ. ಬಿಗಿ ಗಂಟಲು ಅದರ ಸೊಂಟ ಹಿಂಡಿತ್ತು. ಸೊರಗಿದ ಗುಂಡು ಬ್ಯಾರೆಲ್ಲಿನಲ್ಲಿ ಹಿಡಿತವಿಲ್ಲದೆ ಓಡಿತ್ತು. ತಪ್ಪು ಕೈಯದಲ್ಲ, ಡೈಯದು.

ಗುರುವಾರ ಗರಾಫಾದ ಮನೆಯಲ್ಲಿ ಹೆಂಡತಿ ಬೆನಿಟಾ ಕೇಳಿದಳು: "ಎಂತ ಮಾರಾಯ್ರೇ, ಬಂಗುಡೆ ಹಾಗೇ ಉಂಟಲ್ಲ ಬಟ್ಟಲಲ್ಲಿ?"

"ಏನಿಲ್ಲ."

"ನಿಮ್ಮ 'ಏನಿಲ್ಲ' ಅಂದ್ರೇ ನನಗೆ ಹೆದರಿಕೆ. ನಾಳೆ ಇಗರ್ಜಿಯಲ್ಲಿ ಫಾದರಿಗಾದ್ರೂ ಹೇಳಿ."

ಹೇಳಿದ. ಪಾಪನಿವೇದನೆಯಲ್ಲಿ ಆದದ್ದನ್ನು ಆಮೇಲೆ ಊರಿಗೆಲ್ಲ ಹೇಳಿದವನೂ ಅವನೇ.

"ಫಾದರ್, ತಪ್ಪು ಡೈ ಹಾಕಿಬಿಟ್ಟೆ."

"ತಲೆಗೆ ಡೈ ಹಾಕುವುದು ಪಾಪ ಅಲ್ಲ ಮಗಾ. ಅಲರ್ಜಿ ಆಯ್ತಾ?"

ಕಥೆ ಪೂರ್ತಿ ಕೇಳಿದ ಮೇಲೆ ಫಾದರ್ ಅಂದರು: "ನನಗೆ ಹೇಳುವುದು ಸುಲಭ, ಮಧ್ಯೆ ಪರದೆ ಉಂಟು. ಆ ಹಿರಿಯರಿಗೆ ಹೇಳು. ಅದೇ ನಿನ್ನ ಪ್ರಾಯಶ್ಚಿತ್ತ."

ಹತ್ತು 'ನಮೋ ಮರಿಯೆ' ಪ್ರಾರ್ಥನೆಯಲ್ಲಿ ಮುಗಿಯುತ್ತದೆಂದು ಹೋದವನಿಗೆ ಇದು ದುಬಾರಿಯಾಯಿತು.

ಭಾನುವಾರ ಲ್ಯಾನ್ಸ್‌ಲಾಟನ ಮುಂದೆ ನಿಂತ. "ಡ್ರಾಯರಿನಲ್ಲಿ ಅದೇ ನಂಬರಿಂದು ಉಂಟಲ್ಲಾ?" ಎಂದ ಮ್ಯಾನೇಜರ್.

"ನಂಬರ್ ಉಂಟು ಸರ್, ಸೈಜ್ ಮಾಫಿ, ಸೈಜ್ ಇಲ್ಲ."

ಇಪ್ಪತ್ತಾರು ವರ್ಷದಲ್ಲಿ ಫಿಡೆಲಿಸ್ ಮೊದಲ ಸಲ ಎದುರಾಡಿದ್ದಕ್ಕೇ ಬೆಚ್ಚಿ ಲ್ಯಾನ್ಸ್‌ಲಾಟ್ ಎರಡು ಡೈ ತರಿಸಿಕೊಟ್ಟ. ಮೊದಲನೆಯದು ಕೇಸಿನ ಬಾಯಿಯನ್ನು ಕೊಂಬುಕಹಳೆ ಮಾಡಿ ಸೀಳಿತು. ಎರಡನೆಯದಕ್ಕೆ ಎರಡು ಮೆಟ್ಟಿಲು: ಮೊದಲು ಗಂಟಲನ್ನು ಗುಂಡಿನ ಮೈಗೆ ಸರಿಯಾಗಿ ಸಡಿಲಿಸಿ, ಆಮೇಲೆ ತುಟಿಯನ್ನು ಚೂರೇ ಚೂರು ಅರಳಿಸುವುದು. ಹೆಬ್ಬೆರಳು ಒತ್ತಿದರೆ ಗುಂಡು ನೆಟ್ಟಗೆ ಕೂತಿತು. ಒಂದೆಳೆ ಸೀಸವೂ ಏಳಲಿಲ್ಲ.

ಮಂಗಳವಾರ ಯಾಕೂಬ್ ಕಾಗದದ ಮುಂದೆ ಕೂತು ಪೆನ್ನು ತೆರೆದಿದ್ದರು.

"ಬಾಬಾ, ಸಹಿ ಬೇಡ. ನಿಮ್ಮ ಕೈ ಸರಿ ಉಂಟು. ನಾನು ಹಾಕಿದ ಡೈ ತಪ್ಪು."

"ಯಾವಾಗ ಗೊತ್ತಾಯಿತು?"

"ಹೋದ ವಾರ." ಮತ್ತೆ, "ಅನುಮಾನ ಮೊದಲೇ ಇತ್ತು. ಹೇಳಲಿಲ್ಲ," ಎಂದ.

ಯಾಕೂಬರ ಮುಖ ಕೆಂಪಾಯಿತು. "ಕಣ್ಣಿನ ಡಾಕ್ಟರ ಹತ್ತಿರ ಹೋದೆ ನಾನು! ಈ ಕೈ ಸ್ಟೇರಿಂಗಿಗೂ ಬೇಡ ಅಂತ ಮಗನಿಗೆ ಕಾರಿನ ಚಾವಿ ಕೊಟ್ಟೆ! ನೀನು ಎದುರಲ್ಲೇ ಕೂತು ನನ್ನ ಚಹಾ ಕುಡಿದೆಯಲ್ಲ!"

ಫಿಡೆಲಿಸ್ ಹೊಸದಾಗಿ ತುಂಬಿಸಿದ ಆರು ತೋಟಾ ಮೇಜಿನ ಮೇಲಿಟ್ಟ. ಅವರು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. ಕೊನೆಗೆ "ಯಲ್ಲಾ, ನಡಿ," ಎಂದು ಎದ್ದರು.

ಐದು ಗುಂಡು ಕಪ್ಪಿನ ಬಾಯಿಯಗಲದೊಳಗೆ. ಆರನೆಯದು ಗೇಣು ದೂರ.

"ಅದು ನಾನೇ ಸರಿಯಾಗಿ ಒತ್ತಲಿಲ್ಲ ಅಂತ ಕಾಣ್ತದೆ..." ಎಂದು ಫಿಡೆಲಿಸ್ ಶುರುಮಾಡಿದ.

"ಸುಮ್ಮನಿರು! ಆರನೆಯದರ ತಪ್ಪು ನನ್ನದು. ಅದನ್ನೂ ನೀನೇ ಇಟ್ಟುಕೊಳ್ಳಬೇಡ."

ಯಾಕೂಬ್ ಸಹಿಯಿಲ್ಲದ ಕಾಗದ ಮಡಚಿ ಜೇಬಿಗಿಟ್ಟು, ಹೊರಗೆ ಕಾಯುತ್ತಿದ್ದ ಮಗನಿಗೆ ಫೋನ್ ಮಾಡಿ ಚಾವಿ ತರಿಸಿದರು. ಸಂಜೆ ಫಿಡೆಲಿಸ್‌ನನ್ನು ಮನೆಗೆ ಬಿಟ್ಟವರೂ ಅವರೇ. ಗರಾಫಾ ತಲುಪುವವರೆಗೆ ಫಿಡೆಲಿಸ್ ಮತ್ತೆ ಬಾಯಿ ಬಿಡಲಿಲ್ಲ; ಈ ಸಲ ಕಾರಣ ಕಾರಿನ ವೇಗ.